ಜಂಟಿ ಹಕ್ಕಿನ ಪಾಲುಗಳನ್ನು ಅವಿಭಾಜ್ಯ ಅಪವರ್ತನಗಳ ಮೂಲಕ ಸಂಕ್ಷಿಪ್ತ ರೂಪಕ್ಕೆ ತರುವ ವಿಧಾನ

ಪೀಠಿಕೆ

ಪೌತಿ ಖಾತೆ, ವಿಭಾಗ ಪತ್ರ, ಜಂಟಿ ಖಾತೆಯ ಬದಲಾವಣೆ, ಪೋಡಿ ಹಾಗೂ ಭೂಪರಿಹಾರದ ಹಂಚಿಕೆಗೆ ಸಂಬಂಧಿಸಿದ ಅರ್ಜಿಗಳನ್ನು ಸಿದ್ಧಪಡಿಸುವಾಗ ಪ್ರತಿಯೊಬ್ಬ ಹಕ್ಕುದಾರರ ಪಾಲನ್ನು ಭಿನ್ನರಾಶಿಯಾಗಿ ಲೆಕ್ಕ ಹಾಕಬೇಕಾಗುತ್ತದೆ. ಒಂದೇ ಪಾಲು ಒಂದು ಕಾಗದದಲ್ಲಿ 90/315 ಎಂದೂ ಮತ್ತೊಂದರಲ್ಲಿ 2/7 ಎಂದೂ ನಮೂದಾಗಿದ್ದಲ್ಲಿ, ಎರಡೂ ಒಂದೇ ಎಂಬುದು ಮೇಲ್ನೋಟಕ್ಕೆ ತಿಳಿದುಬರುವುದಿಲ್ಲ. ಪಾಲುಗಳನ್ನು ಸಂಕ್ಷಿಪ್ತ ರೂಪಕ್ಕೆ ತಂದು ಹೋಲಿಸಿದಲ್ಲಿ ಇಂತಹ ಗೊಂದಲ ನಿವಾರಣೆಯಾಗುವುದಲ್ಲದೆ, ಲೆಕ್ಕದಲ್ಲಿನ ತಪ್ಪುಗಳೂ ಅರ್ಜಿ ಸಲ್ಲಿಸುವ ಮುನ್ನವೇ ಗೋಚರಿಸುತ್ತವೆ. ಸಾರ್ವಜನಿಕರ ಅನುಕೂಲಕ್ಕಾಗಿ ಈ ವಿಧಾನವನ್ನು ಉದಾಹರಣೆಗಳೊಂದಿಗೆ ಇಲ್ಲಿ ವಿವರಿಸಲಾಗಿದೆ.

1. ಪದಗಳ ಅರ್ಥ

ಅಂಶ ಮತ್ತು ಛೇದ: 90/315 ಎಂಬ ಭಿನ್ನರಾಶಿಯಲ್ಲಿ 90 ಅಂಶ, 315 ಛೇದ.

ಅವಿಭಾಜ್ಯ ಸಂಖ್ಯೆ: 1 ಮತ್ತು ತನ್ನಿಂದ ಮಾತ್ರ ನಿಶ್ಶೇಷವಾಗಿ ಭಾಗವಾಗುವ, 1ಕ್ಕಿಂತ ದೊಡ್ಡದಾದ ಸಂಖ್ಯೆ. ಉದಾ: 2, 3, 5, 7, 11, 13. ಸಂಖ್ಯೆ 1 ಅವಿಭಾಜ್ಯವಲ್ಲ.

ಅವಿಭಾಜ್ಯ ಅಪವರ್ತನಗಳು: ಯಾವ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿದರೆ ಕೊಟ್ಟ ಸಂಖ್ಯೆ ದೊರೆಯುವುದೋ ಅವು. ಉದಾ: 90 = 2 × 3 × 3 × 5.

ಸಂಕ್ಷಿಪ್ತ ರೂಪ: ಅಂಶ ಮತ್ತು ಛೇದಗಳಲ್ಲಿ ಯಾವುದೇ ಸಾಮಾನ್ಯ ಅಪವರ್ತನ ಉಳಿಯದಿರುವ ರೂಪ.

2. ಅನುಸರಿಸಬೇಕಾದ ಕ್ರಮ

(ಅ) ಅಂಶ ಮತ್ತು ಛೇದ ಎರಡನ್ನೂ ಒಂದೇ ಅಳತೆಗೆ ಪರಿವರ್ತಿಸುವುದು. ಜಮೀನಿನ ವಿಷಯದಲ್ಲಿ 1 ಎಕರೆ = 40 ಗುಂಟೆ, 1 ಗುಂಟೆ = 16 ಆಣೆ.

(ಆ) ಎರಡನ್ನೂ ಅವಿಭಾಜ್ಯ ಅಪವರ್ತನಗಳಾಗಿ ಬಿಡಿಸುವುದು. ಸಮಸಂಖ್ಯೆಯಾದಲ್ಲಿ 2ರಿಂದ, ಅಂಕಿಗಳ ಮೊತ್ತ 3ರಿಂದ ಭಾಗವಾದಲ್ಲಿ 3ರಿಂದ, ಕೊನೆಯ ಅಂಕಿ 0 ಅಥವಾ 5 ಆದಲ್ಲಿ 5ರಿಂದ ಭಾಗಿಸುವುದು. ನಂತರ 7, 11, 13 ಮುಂತಾದವುಗಳಿಂದ ಭಾಗಿಸಿ ನೋಡುವುದು. ಪರೀಕ್ಷಿಸುವ ಅವಿಭಾಜ್ಯದ ವರ್ಗವು ಉಳಿದ ಸಂಖ್ಯೆಯನ್ನು ಮೀರಿದಲ್ಲಿ ಅಲ್ಲಿಗೆ ನಿಲ್ಲಿಸಬಹುದು. ಉಳಿದದ್ದು ಅವಿಭಾಜ್ಯವೇ ಆಗಿರುತ್ತದೆ.

(ಇ) ಎರಡರಲ್ಲಿಯೂ ಸಾಮಾನ್ಯವಾಗಿರುವ ಅಪವರ್ತನಗಳನ್ನು ಜೋಡಿ ಜೋಡಿಯಾಗಿ ಹೊಡೆದು ಹಾಕಿ, ಉಳಿದವುಗಳನ್ನು ಗುಣಿಸಿ ಬರೆಯುವುದು.

(ಈ) ಎಲ್ಲ ಹಕ್ಕುದಾರರ ಪಾಲುಗಳನ್ನು ಕೂಡಿ, ಮೊತ್ತವು 1 ಆಗುವುದನ್ನು ಖಚಿತಪಡಿಸಿಕೊಳ್ಳುವುದು.

3. ಉದಾಹರಣೆ: ಜಂಟಿ ಖಾತೆಯ ಜಮೀನು

ಒಂದು ಸರ್ವೆ ನಂಬರಿನ ವಿಸ್ತೀರ್ಣ ಖರಾಬು ಹೊರತುಪಡಿಸಿ 7 ಎಕರೆ 35 ಗುಂಟೆ ಇದ್ದು, ಮೂವರು ಖಾತೆದಾರರ ಹೆಸರಿನಲ್ಲಿ ಕ್ರಮವಾಗಿ 2 ಎಕರೆ 10 ಗುಂಟೆ, 3 ಎಕರೆ 6 ಗುಂಟೆ ಮತ್ತು 2 ಎಕರೆ 19 ಗುಂಟೆ ಇದೆಯೆಂದು ಭಾವಿಸೋಣ. ಗುಂಟೆಗಳಲ್ಲಿ ಒಟ್ಟು 315. ಪಾಲುಗಳು 90, 126 ಮತ್ತು 99.

315 = 3 × 3 × 5 × 7

ಒಂದನೇ ಖಾತೆದಾರರು: 90/315 = (2 × 3 × 3 × 5) / (3 × 3 × 5 × 7) = 2/7
ಎರಡನೇ ಖಾತೆದಾರರು: 126/315 = (2 × 3 × 3 × 7) / (3 × 3 × 5 × 7) = 2/5
ಮೂರನೇ ಖಾತೆದಾರರು: 99/315 = (3 × 3 × 11) / (3 × 3 × 5 × 7) = 11/35

ತಾಳೆ: 7, 5 ಮತ್ತು 35ರ ಲ.ಸಾ.ಅ. 35. ಆದ್ದರಿಂದ 10/35 + 14/35 + 11/35 = 35/35 = 1.

4. ವಿಶೇಷ ಎಚ್ಚರಿಕೆ: ಎಕರೆ-ಗುಂಟೆಯು ದಶಮಾಂಶವಲ್ಲ

ವಿಸ್ತೀರ್ಣವನ್ನು 2-10 ಅಥವಾ 2.10 ಎಂದು ಬರೆಯುವ ರೂಢಿಯಿರುವುದರಿಂದ, ಕೆಲವರು ಅದನ್ನು ದಶಮಾಂಶವೆಂದೇ ತಿಳಿದು ಕ್ಯಾಲ್ಕುಲೇಟರ್‌ನಲ್ಲಿ ನೇರವಾಗಿ ಭಾಗಿಸುವುದುಂಟು. ಮೇಲಿನ ಉದಾಹರಣೆಯಲ್ಲಿ ಹೀಗೆ ಮಾಡಿದಲ್ಲಿ ಪಾಲುಗಳು 210/735, 306/735 ಮತ್ತು 219/735 ಆಗುತ್ತವೆ. ಇವುಗಳ ಸಂಕ್ಷಿಪ್ತ ರೂಪ 2/7, 102/245 ಮತ್ತು 73/245. ಇವುಗಳ ಮೊತ್ತವೂ 1 ಆಗುತ್ತದೆ. ಒಂದನೇ ಪಾಲು ಆಕಸ್ಮಿಕವಾಗಿ ಸರಿಯಾಗಿಯೂ ಇರುತ್ತದೆ. ಆದರೆ ಉಳಿದ ಎರಡು ಪಾಲುಗಳು ತಪ್ಪು.

ಈ ಜಮೀನಿಗೆ ಗುಂಟೆಗೆ 10,000 ರೂ.ನಂತೆ 31,50,000 ರೂ. ಪರಿಹಾರ ನಿಗದಿಯಾಯಿತೆಂದು ಭಾವಿಸಿದಲ್ಲಿ, ಮೂರನೇ ಖಾತೆದಾರರಿಗೆ ನ್ಯಾಯವಾಗಿ ಸಲ್ಲಬೇಕಾದದ್ದು 9,90,000 ರೂ. ತಪ್ಪು ಲೆಕ್ಕದಂತೆ ಅವರಿಗೆ 51,428 ರೂ.ಗಿಂತ ಹೆಚ್ಚು ಕಡಿಮೆಯಾಗಿ, ಅಷ್ಟೇ ಮೊತ್ತ ಎರಡನೇ ಖಾತೆದಾರರಿಗೆ ಅಧಿಕವಾಗಿ ಸೇರುತ್ತದೆ. ಗುಂಟೆಗಳ ಮೊತ್ತ 40ನ್ನು ಮುಟ್ಟದಿದ್ದಾಗ ಈ ತಪ್ಪು ತಾಳೆಯಲ್ಲಿ ಸಿಕ್ಕಿಬೀಳುವುದಿಲ್ಲ. ಆದುದರಿಂದ ಮೊದಲು ಎಲ್ಲವನ್ನೂ ಗುಂಟೆಗೆ (ಆಣೆಯಿದ್ದಲ್ಲಿ ಆಣೆಗೆ) ಪರಿವರ್ತಿಸತಕ್ಕದ್ದು. ತಾಳೆ ನೋಡುವುದು ಅದರ ನಂತರದ ಕೆಲಸ.

5. ವಾರಸಾ ಪಾಲುಗಳಲ್ಲಿ ಉಪಯೋಗ

ಮೇಲಿನ ವಿಸ್ತೀರ್ಣದ ಜಮೀನು ಒಬ್ಬ ಹಿಂದೂ ಪುರುಷರ ಸ್ವಯಾರ್ಜಿತ ಆಸ್ತಿಯಾಗಿದ್ದು, ಅವರು ಉಯಿಲು ಬರೆಯದೆ ಪತ್ನಿ, ಮೂವರು ಪುತ್ರರು ಮತ್ತು ಇಬ್ಬರು ಪುತ್ರಿಯರನ್ನು ಬಿಟ್ಟು ನಿಧನರಾದರೆಂದು ಇಟ್ಟುಕೊಳ್ಳೋಣ. ಅವರ ತಾಯಿ ಮೊದಲೇ ತೀರಿಕೊಂಡಿದ್ದಾರೆ. ಹಿಂದೂ ಉತ್ತರಾಧಿಕಾರ ಅಧಿನಿಯಮ, 1956ರಂತೆ ಆರು ಮಂದಿಗೂ ತಲಾ 1/6 ಪಾಲು. ಆನಂತರ ಪತ್ನಿ ಹಾಗೂ ಒಬ್ಬ ಪುತ್ರ ಉಯಿಲಿಲ್ಲದೆ ಮರಣ ಹೊಂದಿದ್ದು, ಆ ಪುತ್ರನಿಗೆ ಪತ್ನಿ ಮತ್ತು ಮೂವರು ಮಕ್ಕಳಿದ್ದಾರೆ. ಇಬ್ಬರಲ್ಲಿ ಮೊದಲು ಮರಣ ಹೊಂದಿದವರು ಯಾರು ಎಂಬುದರ ಮೇಲೆ ಪಾಲುಗಳು ಬದಲಾಗುತ್ತವೆ.

(ಅ) ತಾಯಿ ಮೊದಲು ಮರಣ ಹೊಂದಿದಲ್ಲಿ:
ತಾಯಿಯ 1/6 ಪಾಲು ಐವರು ಮಕ್ಕಳಿಗೆ ತಲಾ 1/30.
ಪ್ರತಿ ಮಗುವಿನ ಪಾಲು: 1/6 + 1/30 = 6/30 = (2 × 3) / (2 × 3 × 5) = 1/5.
ನಂತರ ಮೃತ ಪುತ್ರನ 1/5 ಪಾಲು ಅವನ ಪತ್ನಿ ಮತ್ತು ಮೂವರು ಮಕ್ಕಳಿಗೆ ತಲಾ 1/20.
ತಾಳೆ: 4/5 + 4/20 = 1.

(ಆ) ಪುತ್ರ ಮೊದಲು ಮರಣ ಹೊಂದಿದಲ್ಲಿ:
ಪುತ್ರನ 1/6 ಪಾಲಿಗೆ ಪತ್ನಿ, ಮೂವರು ಮಕ್ಕಳು ಮತ್ತು ತಾಯಿ, ಹೀಗೆ ಐವರು ವಾರಸುದಾರರು; ತಲಾ 1/30.
ತಾಯಿಯ ಪಾಲು: 1/6 + 1/30 = 1/5. ಅವರ ಮರಣಾನಂತರ ಇದು ಜೀವಂತವಿರುವ ನಾಲ್ವರು ಮಕ್ಕಳಿಗೆ ತಲಾ 1/25, ಮೃತ ಪುತ್ರನ ಮೂವರು ಮಕ್ಕಳಿಗೆ ಒಟ್ಟಾಗಿ 1/25, ಅಂದರೆ ತಲಾ 1/75. ಸೊಸೆಗೆ ಇದರಲ್ಲಿ ಪಾಲು ಬರುವುದಿಲ್ಲ.

ಛೇದಗಳು: 6 = 2 × 3; 25 = 5 × 5; 30 = 2 × 3 × 5; 75 = 3 × 5 × 5. ಲ.ಸಾ.ಅ. = 2 × 3 × 5 × 5 = 150.

ಜೀವಂತವಿರುವ ಪ್ರತಿ ಮಗು: 1/6 + 1/25 = 31/150
ಪ್ರತಿ ಮೊಮ್ಮಗು: 1/30 + 1/75 = 7/150
ಸೊಸೆ: 1/30 = 5/150
ತಾಳೆ: 124/150 + 21/150 + 5/150 = 150/150 = 1.

ಮೊದಲ ಸಂದರ್ಭದಲ್ಲಿ ಸೊಸೆಗೆ 15 ಗುಂಟೆ 12 ಆಣೆ. ಎರಡನೆಯದರಲ್ಲಿ 10 ಗುಂಟೆ 8 ಆಣೆ. ಎರಡೂ ಲೆಕ್ಕಗಳ ಮೊತ್ತ 1 ಆಗುವುದರಿಂದ ಲೆಕ್ಕವೊಂದೇ ಯಾವುದು ಸರಿಯೆಂದು ಹೇಳಲಾರದು. ಮರಣ ಪ್ರಮಾಣ ಪತ್ರಗಳಲ್ಲಿನ ದಿನಾಂಕಗಳನ್ನು ಅನುಕ್ರಮವಾಗಿ ಇಟ್ಟುಕೊಂಡೇ ಪಾಲು ತೆಗೆಯತಕ್ಕದ್ದು.

6. ಪಾಲು ಗುಂಟೆ-ಆಣೆಗಳಲ್ಲಿ ಪೂರ್ಣವಾಗಿ ಬರುವುದೇ?

1 ಎಕರೆ = 640 ಆಣೆ. ಇದರ ಅವಿಭಾಜ್ಯ ಅಪವರ್ತನಗಳಲ್ಲಿ ಏಳು 2ಗಳು ಮತ್ತು ಒಂದು 5 ಮಾತ್ರ ಇವೆ; 3 ಆಗಲಿ 7 ಆಗಲಿ ಇಲ್ಲ. ಆದ್ದರಿಂದ 2 ಎಕರೆಯನ್ನು ಮೂವರಿಗೆ ಸಮನಾಗಿ ಹಂಚಿದಲ್ಲಿ ತಲಾ 26 ಗುಂಟೆ 10 ಆಣೆ ಬಂದು, ಒಟ್ಟಾರೆ 2 ಆಣೆ ಉಳಿಯುತ್ತದೆ. ಇಂತಹ ಉಳಿಕೆ ಯಾರ ಭಾಗಕ್ಕೆ ಸೇರಬೇಕೆಂಬುದನ್ನು ಪಾಲುದಾರರು ಮೊದಲೇ ಒಪ್ಪಿಕೊಂಡು ವಿಭಾಗ ಪತ್ರದಲ್ಲಿ ಬರೆಸುವುದು ಸೂಕ್ತ.

7. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸಂಕ್ಷಿಪ್ತ ರೂಪದಲ್ಲಿ ಬರೆದರೆ ಹಕ್ಕು ಕಡಿಮೆಯಾಗುವುದೇ?
ಉತ್ತರ: ಇಲ್ಲ. 90/315 ಮತ್ತು 2/7 ಒಂದೇ ಪ್ರಮಾಣದ ಹಕ್ಕನ್ನು ಸೂಚಿಸುತ್ತವೆ.

ಪ್ರಶ್ನೆ: ಭಿನ್ನರಾಶಿಯ ಬದಲು ಶೇಕಡಾವಾರು ಬರೆಯಬಹುದೇ?
ಉತ್ತರ: 1/3 ಪಾಲನ್ನು ಶೇ. 33 ಎಂದು ಬರೆದಲ್ಲಿ ಮೂವರ ಮೊತ್ತ ಶೇ. 99 ಮಾತ್ರ. 315 ಗುಂಟೆ ಜಮೀನಿನಲ್ಲಿ 3 ಗುಂಟೆಗೂ ಹೆಚ್ಚು ಭಾಗ ಯಾರ ಲೆಕ್ಕಕ್ಕೂ ಸೇರದೆ ಉಳಿಯುತ್ತದೆ. ಭಿನ್ನರಾಶಿಯೇ ನಿಖರ.

ಪ್ರಶ್ನೆ: ಸಂಖ್ಯೆ ದೊಡ್ಡದಾಗಿದ್ದು ಅಪವರ್ತನಗಳು ಸುಲಭವಾಗಿ ದೊರೆಯದಿದ್ದಲ್ಲಿ ಏನು ಮಾಡಬೇಕು?
ಉತ್ತರ: ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ, ನಂತರ ಭಾಜಕವನ್ನು ಶೇಷದಿಂದ ಭಾಗಿಸುತ್ತ ಹೋಗುವುದು. ಉದಾ: 1147/1271ರಲ್ಲಿ ಶೇಷಗಳು 124, 31, 0. ಶೇಷ ಸೊನ್ನೆಯಾಗುವ ಮೊದಲಿನ 31 ಮ.ಸಾ.ಅ. ಆಗಿರುತ್ತದೆ. ಎರಡನ್ನೂ 31ರಿಂದ ಭಾಗಿಸಿದಲ್ಲಿ 37/41.

ಪ್ರಶ್ನೆ: 1/6 ಮತ್ತು 1/30ನ್ನು ಕೂಡುವಾಗ ಛೇದಗಳನ್ನೂ ಕೂಡಬಹುದೇ?
ಉತ್ತರ: ಕೂಡದು. 2/36 ಎಂದು ಬರೆದಲ್ಲಿ ಸಂಕ್ಷಿಪ್ತ ರೂಪ 1/18 ಆಗಿ, ಮೂಲ 1/6ಕ್ಕಿಂತಲೂ ಕಡಿಮೆಯಾಗುತ್ತದೆ.

ಸೂಚನೆ

ಈ ಮಾಹಿತಿಯು ಲೆಕ್ಕ ಹಾಕುವ ವಿಧಾನಕ್ಕೆ ಸೀಮಿತವಾಗಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ನಿರ್ಧರಿಸುವ ಕ್ರಮ ಬೇರೆಯಾಗಿದ್ದು, 2005ರ ತಿದ್ದುಪಡಿಯಂತೆ ಪುತ್ರಿಯರೂ ಪುತ್ರರಷ್ಟೇ ಸಮಾನ ಹಕ್ಕುಳ್ಳ ಸಹದಾಯಾದಿಗಳಾಗಿರುತ್ತಾರೆ. ಇತರ ಧರ್ಮೀಯರಿಗೆ ಅವರವರಿಗೆ ಅನ್ವಯವಾಗುವ ಉತ್ತರಾಧಿಕಾರ ಕಾನೂನುಗಳಿವೆ. ಯಾರು ಹಕ್ಕುದಾರರು ಎಂಬುದನ್ನು ಮೊದಲು ಕಾನೂನಿನಂತೆ ನಿರ್ಧರಿಸಿಕೊಂಡು, ಆನಂತರವೇ ಪಾಲುಗಳನ್ನು ಲೆಕ್ಕ ಹಾಕಲು ಕೋರಲಾಗಿದೆ.