ಅಜ್ಜಿಯ ಚೀಟಿ, ಸೊಸೆಯ ಪತ್ರ

ಸ್ವಲ್ಪ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ.

ಹೋದ ವಾರ ಕೆ.ಆರ್. ಪುರದಿಂದ ನನ್ನ ಅಣ್ಣನ ಮಗಳು ಫೋನ್ ಮಾಡಿದ್ಲು. ಅಮೆರಿಕದ ದಕ್ಷಿಣದ ಒಂದು ವಿಶ್ವವಿದ್ಯಾಲಯದಲ್ಲಿ ಡಿಗ್ರಿಗೆ ಸೀಟು ಸಿಕ್ಕಿದೆ, ಸ್ಕಾಲರ್‌ಶಿಪ್ಪೂ ಇದೆ. ನಮ್ಮ ಮನೆತನದಲ್ಲಿ ಸಮುದ್ರ ದಾಟ್ತಿರೋ ಮೊದಲನೇ ಹುಡುಗಿ. "ಅತ್ತೆ, ಅಲ್ಲಿ ಸೊರೊರಿಟಿ ಅಂತ ಇರುತ್ತಂತೆ. ಸೇರೋಕೆ ಮುಂಚೆ ಆ ಸಂಘದ ಹಳೇ ವಿದ್ಯಾರ್ಥಿನಿ ಯಾರಾದ್ರೂ ನಮ್ಮ ಪರವಾಗಿ ಪತ್ರ ಬರೆದುಕೊಟ್ರೆ ಒಳ್ಳೇದಂತೆ. ನಮಗೆ ಯಾರಾದ್ರೂ ಗೊತ್ತಾ?"

ಸೊರೊರಿಟಿ ಅಂದ್ರೆ ಅಲ್ಲಿನ ಕಾಲೇಜು ಹುಡುಗಿಯರ ಸಂಘ. ಇರೋಕೆ ಮನೆ, ಕಷ್ಟಕ್ಕೆ ಗೆಳತಿಯರು, ಮುಂದೆ ಕೆಲಸ ಹುಡುಕುವಾಗ ಬೇಕಾಗೋ ಪರಿಚಯ ಎಲ್ಲ ಅಲ್ಲೇ ಸಿಗುತ್ತೆ. ಒಳಗೆ ಯಾರನ್ನ ಬಿಟ್ಕೋಬೇಕು ಅಂತ ಒಳಗಿರೋರೇ ತೀರ್ಮಾನ ಮಾಡ್ತಾರೆ.

"ನಮಗೆ ಯಾರಾದ್ರೂ ಗೊತ್ತಾ?" ಈ ಪ್ರಶ್ನೆ ನಮ್ಮ ಮನೆಗೆ ಹೊಸದಲ್ಲ.

ನಮ್ಮಜ್ಜಿ ಹಲಸೂರಿನವಳು. ಬ್ರಿಟಿಷರ ಕಾಲದಲ್ಲಿ ದಂಡಿನ ಬಂಗಲೆಯೊಂದರಲ್ಲಿ ಆಯಾ ಆಗಿದ್ದಳು. ಅವಳ ತಗಡಿನ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿಟ್ಟ ನಾಲ್ಕು ಕಾಗದ ಇದ್ದವು. ಅವಕ್ಕೆ 'ಚೀಟಿ' ಅಂತಿದ್ದಳು. ಒಬ್ಬ ದೊರೆಸಾನಿ ಊರಿಗೆ ಹೋಗುವಾಗ "ಇವಳು ಪ್ರಾಮಾಣಿಕಳು, ಶುಚಿಯಾಗಿರ್ತಾಳೆ" ಅಂತ ಬರೆದುಕೊಡಬೇಕು, ಅದನ್ನ ತೋರಿಸಿದ್ರೇನೇ ಮುಂದಿನ ಬಂಗಲೆಯಲ್ಲಿ ಕೆಲಸ. ಅಜ್ಜಿಗೆ ಓದೋಕೆ ಬರ್ತಿರಲಿಲ್ಲ. ತನ್ನ ಬಗ್ಗೆ ಏನು ಬರೆದಿದ್ದಾರೆ ಅಂತ ತಿಳಿಯದೇನೇ ಜೀವನಪೂರ್ತಿ ಅದನ್ನ ಕಾಪಾಡಿದಳು. ದಂಡಿನ ಬಟ್ಲರ್, ಅಡುಗೆಯವ, ಆಯಾ ಎಲ್ಲರ ಹೊಟ್ಟೆಪಾಡೂ ಇಂಥ ಚೀಟಿ ಮೇಲೇ ನಿಂತಿತ್ತು.

ಅದೇ ದಂಡಿನಲ್ಲಿ ಇನ್ನೊಂದು ಥರದ ಶಿಫಾರಸೂ ನಡೀತಿತ್ತು. ಇವತ್ತಿನ ಬ್ಯಾಂಗಲೋರ್ ಕ್ಲಬ್ಬು 1868ರಲ್ಲಿ ಬ್ರಿಟಿಷ್ ಅಧಿಕಾರಿಗಳಿಗಾಗಿ ಯುನೈಟೆಡ್ ಸರ್ವಿಸ್ ಕ್ಲಬ್ ಅಂತ ಶುರುವಾಯ್ತು. ಇಂಥ ಕ್ಲಬ್ಬುಗಳಿಗೆ ಸೇರಬೇಕಾದ್ರೆ ಒಬ್ಬ ಸದಸ್ಯ ಹೆಸರು ಸೂಚಿಸಬೇಕು, ಇನ್ನೊಬ್ಬ ಅನುಮೋದಿಸಬೇಕು. ವಿನ್‌ಸ್ಟನ್ ಚರ್ಚಿಲ್ ಇಲ್ಲಿ ಸೇನಾಧಿಕಾರಿಯಾಗಿದ್ದಾಗ ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿ ಹೋದ. 1899ರ ಆ ಲೆಕ್ಕದ ಪುಸ್ತಕ ಈಗ ಹೆಮ್ಮೆಯ ವಸ್ತು. ಸಾಲ ತೀರಿಸದವನ ಹೆಸರು ಇತಿಹಾಸ ಆಯ್ತು. ಒಂದು ಪೈಸೆ ಮುಟ್ಟದ ನಮ್ಮಜ್ಜಿ ಪ್ರಾಮಾಣಿಕಳು ಅನ್ನೋದಕ್ಕೆ ಮಾತ್ರ ಚೀಟಿ ಬೇಕಿತ್ತು. ಅವರ ಶಿಫಾರಸು ಹಜಾರಕ್ಕೆ, ನಮ್ಮದು ಅಡುಗೆಮನೆ ಹಿಂಬಾಗಿಲಿಗೆ.

ಅಜ್ಜಿ ಆದಮೇಲೆ ನನ್ನ ಸರದಿ. ಹತ್ತನೇ ತರಗತಿ ಫಸ್ಟ್ ಕ್ಲಾಸಲ್ಲಿ ಪಾಸಾಗಿ ಅಮ್ಮನ ಜೊತೆ ಒಂದು ಕಾಲೇಜಿಗೆ ಹೋದೆ. "ಇಲ್ಲಿ ಓದಿದವರು ನಿಮ್ಮಲ್ಲಿ ಯಾರಾದ್ರೂ ಇದಾರಾ?" ಅಂತ ಕೇಳಿದ್ರು. ಅಮ್ಮ ಮುಗ್ಧವಾಗಿ, "ನಮ್ಮಕ್ಕ ಇಲ್ಲೇ ಕಸ ಗುಡಿಸ್ತಾಳಮ್ಮ" ಅಂದಳು. ಆ ಕೋಣೆಯ ಮೌನ ನನಗೆ ಇನ್ನೂ ಕೇಳಿಸುತ್ತೆ. ಸೀಟು ಸಿಗಲಿಲ್ಲ.

ಬಾಬಾಸಾಹೇಬರಿಗೂ ಒಬ್ಬರು ಹೇಳಬೇಕಾಯ್ತು. 1907ರಲ್ಲಿ ಅವರು ಮೆಟ್ರಿಕ್ ಪಾಸಾದ ಮೇಲೆ ಕೃಷ್ಣಾಜಿ ಅರ್ಜುನ್ ಕೆಲೂಸ್ಕರ್ ಅನ್ನೋ ಮೇಷ್ಟ್ರು ಬರೋಡಾದ ಸಯಾಜಿರಾವ್ ಮಹಾರಾಜರಿಗೆ ಹೇಳಿದ್ದರಿಂದ ಕಾಲೇಜಿಗೆ ವಿದ್ಯಾರ್ಥಿವೇತನ ಸಿಕ್ತು. 1913ರಲ್ಲಿ ಕೊಲಂಬಿಯಾಕ್ಕೆ ಹೋದದ್ದೂ ಬರೋಡಾದ ನೆರವಿನಿಂದಲೇ. ಆದರೆ ಪ್ರತಿ ಕೇರಿಯ ಪ್ರತಿ ಮಗುವಿಗೂ ಒಬ್ಬ ಕೆಲೂಸ್ಕರ್ ಸಿಗಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ವೈಸರಾಯ್ ಮಂಡಳಿಯಲ್ಲಿದ್ದಾಗ ಪರಿಶಿಷ್ಟರ ಓದಿಗೆ ಸರ್ಕಾರವೇ ಹಣ ಇಡಬೇಕು ಅಂತ ಪಟ್ಟು ಹಿಡಿದರು. 1944ರಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಯ್ತು. ದೊರೆಯ ದಯೆ ಇದ್ದ ಜಾಗಕ್ಕೆ ನಿಯಮ ಬಂತು. ನಾನು ಕೊನೆಗೆ ಸರ್ಕಾರಿ ಕಾಲೇಜಲ್ಲಿ ಓದಿದ್ದು ಆ ದುಡ್ಡಿನಲ್ಲೇ.

ಈಗ ಹುಡುಗಿ ಹೋಗ್ತಿರೋ ಕಡೆಯ ಕಥೆ ನೋಡಿ. 1963ರಲ್ಲಿ ಅಲಬಾಮಾ ವಿಶ್ವವಿದ್ಯಾಲಯಕ್ಕೆ ಇಬ್ಬರು ಕಪ್ಪು ವಿದ್ಯಾರ್ಥಿಗಳು ಬಂದಾಗ ಗವರ್ನರ್ ಜಾರ್ಜ್ ವಾಲೇಸ್ ತಾನೇ ಬಾಗಿಲಿಗೆ ಅಡ್ಡ ನಿಂತ. ಸರಿಯಾಗಿ 50 ವರ್ಷ ಆದಮೇಲೆ, 2013ರಲ್ಲಿ, ಅಲ್ಲಿನ ವಿದ್ಯಾರ್ಥಿ ಪತ್ರಿಕೆ 'ದ ಕ್ರಿಮ್ಸನ್ ವೈಟ್' ಒಂದು ವಿಷಯ ಬಯಲಿಗೆ ತಂತು. ಓದಿನಲ್ಲಿ ಮುಂದಿದ್ದ ಕಪ್ಪು ಹುಡುಗಿಯೊಬ್ಬಳನ್ನ ಬಿಳಿಯರ ಸೊರೊರಿಟಿಗಳು ಸೇರಿಸ್ಕೊಳ್ಳಲಿಲ್ಲ. ಅವಳನ್ನ ಸೇರಿಸ್ಕೊಳ್ಳೋಣ ಅಂದ ಹುಡುಗಿಯರೂ ಇದ್ದರು. ತಡೆದವರು ಹಳೇ ವಿದ್ಯಾರ್ಥಿನಿಯರು. ಒಂದು ಸಂಘದಲ್ಲಿ ಅದಕ್ಕೆ ಕೊಟ್ಟ ಕಾರಣ ಏನು ಗೊತ್ತಾ? ಶಿಫಾರಸು ಪತ್ರದ ನಿಯಮ. ಈ ಸಲ ಬಾಗಿಲಿಗೆ ಅಡ್ಡ ನಿಲ್ಲೋಕೆ ಗವರ್ನರೇ ಬೇಕಾಗಲಿಲ್ಲ, ಒಂದು ಕಾಗದ ಸಾಕಾಯ್ತು. ಸುದ್ದಿ ದೇಶವೆಲ್ಲ ಹರಡಿದ ಮೇಲೆ ವಿಶ್ವವಿದ್ಯಾಲಯ ಮಧ್ಯೆ ಬಂದು ಪ್ರವೇಶಕ್ಕೆ ಮತ್ತೆ ಅವಕಾಶ ತೆರೆಸಿತು. ಈಚೆಗೆ ಹಲವು ಸಂಘಗಳು ಪತ್ರ ಕಡ್ಡಾಯ ಅಲ್ಲ ಅಂತಲೂ ಮಾಡಿವೆ.

ನಮ್ಮ ಕೈಲಿರೋದು ತಹಸೀಲ್ದಾರರು ಕೊಟ್ಟ ಜಾತಿ ಪ್ರಮಾಣಪತ್ರ. ಅದನ್ನ ತೋರಿಸಿದ ತಕ್ಷಣ "ಮೆರಿಟ್ ಎಲ್ಲಿ?" ಅಂತಾರೆ. ಅವರ ಕೈಲಿರೋದು ಅಮ್ಮನ ಗೆಳತಿ, ಅಪ್ಪನ ಕ್ಲಬ್ಬು, ಅತ್ತಿಗೆ ಓದಿದ ಕಾಲೇಜು. ಅದಕ್ಕೆ ಸೀಲು ಇಲ್ಲ, ನಂಬರ್ ಇಲ್ಲ, ಯಾರ ಕಣ್ಣಿಗೂ ಬೀಳಲ್ಲ. ತಲೆಮಾರಿನಿಂದ ನಡೆದುಬಂದ ಆ ಮೀಸಲಾತಿಗೆ ಮೆರಿಟ್ ಪ್ರಶ್ನೆ ಯಾರೂ ಕೇಳಲ್ಲ.

ಹುಡುಗಿಗೆ ನಾನು ಎರಡು ಮಾತು ಹೇಳಿದೆ. ಬೇಕಿದ್ರೆ ಪತ್ರ ಹುಡುಕು, ಅದರಲ್ಲಿ ನಾಚಿಕೆ ಇಲ್ಲ. ಅಮೆರಿಕದಲ್ಲಿರೋ ನಮ್ಮ ಅಂಬೇಡ್ಕರ್‌ವಾದಿ ಗೆಳೆಯರನ್ನ ನಾನೂ ಕೇಳ್ತೀನಿ. ಸಿಗದಿದ್ರೆ ಕುಗ್ಗಬೇಡ. ಬಿಳಿಯರ ಸಂಘಗಳ ಬಾಗಿಲು ತಮಗೆ ಮುಚ್ಚಿದ್ದ ಕಾಲದಲ್ಲಿ, 1908ರಲ್ಲಿ, ಹೋವರ್ಡ್ ವಿಶ್ವವಿದ್ಯಾಲಯದ ಕಪ್ಪು ಹುಡುಗಿಯರು ಆಲ್ಫಾ ಕಪ್ಪಾ ಆಲ್ಫಾ ಅನ್ನೋ ತಮ್ಮದೇ ಸೊರೊರಿಟಿ ಕಟ್ಟಿದರು. 1913ರಲ್ಲಿ ಅಲ್ಲೇ ಹುಟ್ಟಿದ ಡೆಲ್ಟಾ ಸಿಗ್ಮಾ ಥೀಟಾದ ಹೆಣ್ಣುಮಕ್ಕಳು ಅದೇ ವರ್ಷ ವಾಷಿಂಗ್ಟನ್ನಿನ ಮತದಾನದ ಹಕ್ಕಿನ ಮೆರವಣಿಗೆಯಲ್ಲಿ ನಡೆದರು.

ನಿಮಗೂ ಒಂದು ಮಾತು. ನಿಮ್ಮ ಕೇರಿಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು ನೀವಾಗಿದ್ರೆ, ಹಿಂದೆ ಬರೋ ಮಗುವಿಗೆ 'ಗೊತ್ತಿರೋರು' ನೀವೇ. ಅರ್ಜಿ ತುಂಬಿಸಿಕೊಡಿ, ಪತ್ರ ಬರೆದುಕೊಡಿ, ಜೊತೆಗೆ ಹೋಗಿ ನಿಲ್ಲಿ. ಜೊತೆಗೇ, ಚೀಟಿ ಇಲ್ಲದೇನೂ ತೆರೆಯೋ ಬಾಗಿಲಿಗೆ ಹೋರಾಟ ಮಾಡೋದನ್ನ ಬಿಡಬೇಡಿ.

ಅಜ್ಜಿಯ ನಾಲ್ಕು ಚೀಟಿ ಈಗ ನನ್ನ ಹತ್ರ ಇವೆ. ಹುಡುಗಿ ಹೊರಡೋ ದಿನ ಒಂದನ್ನ ಅವಳಿಗೆ ಕೊಡ್ತೀನಿ. ನಮ್ಮ ಮನೆಯಲ್ಲಿ ಅದನ್ನ ಇಂಗ್ಲಿಷ್‌ನಲ್ಲಿ ಸರಾಗವಾಗಿ ಓದಬಲ್ಲವಳು ಅವಳೇ.

ಜೈ ಭೀಮ್.