ಋತುಮಾನದ ಉಸಿರಾಟದ ಕಾಯಿಲೆಗಳ ನಿಗಾ: ಕೋಲಾರ ಸೀಮೆಯ ಇತಿಹಾಸ

ಮಳೆ, ಚಳಿಯ ಜೊತೆ ಏರಿಳಿಯುವ ಕೆಮ್ಮು, ನೆಗಡಿ, ಜ್ವರ, ನ್ಯುಮೋನಿಯಾಗಳ ಲೆಕ್ಕವನ್ನು ಆರೋಗ್ಯ ಕೇಂದ್ರಗಳ ದಾಖಲೆಯಿಂದ ವಾರವಾರವೂ ಕೂಡಿಹಾಕಿ, ಕಾಯಿಲೆಯ ನಡೆಯನ್ನು ಗುರುತಿಸುವ ಸಾರ್ವಜನಿಕ ಆರೋಗ್ಯ ಪದ್ಧತಿ. ಕೋಲಾರ ತಾಲ್ಲೂಕಿನ ಸುಗಟೂರಿನಂಥ ಊರುಗಳಲ್ಲಿ ಇದು ಸತ್ತವರ ಲೆಕ್ಕದಿಂದ ಶುರುವಾಗಿ ಕೆಮ್ಮುವವರ ಲೆಕ್ಕಕ್ಕೆ ಬಂದು ನಿಂತಿದೆ.

ಮೈಸೂರು ಸಂಸ್ಥಾನದಲ್ಲಿ ಹಳ್ಳಿಯ ಜನನ ಮರಣದ ವಿವರ ಗ್ರಾಮಾಧಿಕಾರಿಗಳ ಕೈಯಲ್ಲಿತ್ತು. ಸಾವಿಗೆ ಕಾರಣ ಏನೇ ಇರಲಿ, ಬಹುಪಾಲು 'ಜ್ವರ' ಎಂದೇ ದಾಖಲಾಗುತ್ತಿತ್ತು. 1918ರ ಇನ್‌ಫ್ಲುಯೆಂಜಾ ಎಷ್ಟು ಮನೆ ಬರಿದು ಮಾಡಿತ್ತೆಂಬುದು 1921ರ ಜನಗಣತಿಯಲ್ಲಿ ಕಂಡಿತು. ಅಷ್ಟು ತಡವಾಗಿ ಸಿಕ್ಕ ಲೆಕ್ಕದಿಂದ ಯಾರ ಜೀವವೂ ಉಳಿಯುವಂತಿರಲಿಲ್ಲ. 1929ರಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಂಡ್ಯದಲ್ಲಿ ಆರೋಗ್ಯ ಘಟಕ ಆರಂಭವಾದಾಗ ಸಂಸ್ಥಾನದ ಗ್ರಾಮೀಣ ಆರೋಗ್ಯ ಕೆಲಸಕ್ಕೊಂದು ಕ್ರಮ ಬಂತು. 1957ರ ಏಷ್ಯನ್ ಫ್ಲೂ ಮದರಾಸಿನ ಮೂಲಕ ದೇಶದೊಳಗೆ ಬಂದ ಕಾಲಕ್ಕೆ ಕೂನೂರಿನ ಪಾಶ್ಚರ್ ಸಂಸ್ಥೆಯಲ್ಲಿ ವೈರಾಣು ಪರೀಕ್ಷೆ ನಡೆಯುತ್ತಿತ್ತು. ಹಳ್ಳಿಯ ಕೆಮ್ಮಿನ ಲೆಕ್ಕ ಮಾತ್ರ ಆಗಲೂ ಎಲ್ಲೂ ಸೇರುತ್ತಿರಲಿಲ್ಲ.

ನಿಜವಾದ ತಿರುವು 2004ರ ನವೆಂಬರ್‌ನಲ್ಲಿ ಬಂತು. ವಿಶ್ವಬ್ಯಾಂಕ್ ನೆರವಿನ ಸಮಗ್ರ ರೋಗ ಕಣ್ಗಾವಲು ಯೋಜನೆಯ ಮೊದಲ ಹಂತದಲ್ಲೇ ಕರ್ನಾಟಕವೂ ಇತ್ತು. ಉಪಕೇಂದ್ರದ ಆರೋಗ್ಯ ಸಹಾಯಕಿ 'ಎಸ್' ನಮೂನೆ, ವೈದ್ಯಾಧಿಕಾರಿ 'ಪಿ' ನಮೂನೆ, ಪ್ರಯೋಗಾಲಯದವರು 'ಎಲ್' ನಮೂನೆ ತುಂಬಬೇಕಿತ್ತು. ಸೋಮವಾರದಿಂದ ಭಾನುವಾರದವರೆಗಿನದು ಒಂದು ವಾರದ ಲೆಕ್ಕವಾಗಿತ್ತು. 'ಎಸ್' ನಮೂನೆಯಲ್ಲಿ ರೋಗದ ಹೆಸರಿಗಿಂತ ಲಕ್ಷಣ ಮುಖ್ಯವಾಗಿತ್ತು: ಜ್ವರವಿರಲಿ ಇಲ್ಲದಿರಲಿ, ಮೂರು ವಾರದೊಳಗಿನ ಕೆಮ್ಮು ಒಂದು ಕಡೆ, ಅದಕ್ಕೂ ಹೆಚ್ಚಿನದು ಇನ್ನೊಂದು ಕಡೆ, ಐದು ವರ್ಷದೊಳಗಿನ ಮಕ್ಕಳಿಗೆ, ದೊಡ್ಡವರಿಗೆ ಬೇರೆ ಬೇರೆ ಕಲಂ. ಮೂರು ವಾರ ದಾಟಿದ ಕೆಮ್ಮೆಂದರೆ ಆಗ ಕ್ಷಯದ ಅನುಮಾನವಿತ್ತು. ಋತುಮಾನದ ನೆಗಡಿ ಕೆಮ್ಮನ್ನು ಅದರಿಂದ ಬೇರ್ಪಡಿಸಲು ವೈದ್ಯರ ಪದವಿ ಬೇಕಿಲ್ಲ, ಎಷ್ಟು ದಿನದಿಂದ ಕೆಮ್ಮು ಎಂದು ಮನೆಯವರನ್ನು ಕೇಳಿದರೆ ಸಾಕು. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಜಾಣತನದ ಭಾಗ ಇದೇ.

ಈ ಅಂಕಿಗಳನ್ನು ಓದುವುದಕ್ಕೂ ಪಳಗಿರಬೇಕು. ದೇಶದಲ್ಲಿ ಫ್ಲೂ ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮುಂಗಾರಿನಲ್ಲಿ ಮತ್ತು ಅದು ಮುಗಿಯುವ ಹೊತ್ತಿನಲ್ಲಿ ಇನ್ನೊಮ್ಮೆ ಏರುತ್ತದೆ. ಚೆನ್ನೈ, ವೆಲ್ಲೂರು ಕಡೆ ಹಿಂಗಾರಿನೊಂದಿಗೆ ಹೆಚ್ಚುತ್ತದೆ. ಮುಂಗಾರು, ಹಿಂಗಾರು ಎರಡನ್ನೂ ಕಾಣುವ ಕೋಲಾರಕ್ಕೆ ಬೇರೆ ಊರಿನ ಪಟ್ಟಿಯನ್ನು ಹಾಗೇ ಅನ್ವಯಿಸಲಾಗದು. ಹಬ್ಬದ ರಜೆಯಲ್ಲಿ ಹೊರರೋಗಿ ವಿಭಾಗ ಮುಚ್ಚಿದ ವಾರ ಗೆರೆ ಕೆಳಗಿಳಿದರೆ ಕಾಯಿಲೆ ಇಳಿಯಿತೆಂದು ಅರ್ಥವಲ್ಲ. ಅದೇ ವಾರವನ್ನು ಹಿಂದಿನ ವರ್ಷಗಳ ಅದೇ ಹೊತ್ತಿಗೆ ಹೋಲಿಸಿದಾಗಲೇ ಏರಿಕೆ ಅಸಹಜವೋ ಮಾಮೂಲೋ ತಿಳಿಯುತ್ತದೆ.

2009ರ ಎಚ್1ಎನ್1 ಫ್ಲೂ ಈ ಜಾಲವನ್ನು ಪರೀಕ್ಷೆಗೆ ಒಡ್ಡಿತು. ದೊಡ್ಡ ಪರೀಕ್ಷೆ 2020ರದು. ಆ ವರ್ಷ ಮೇ ತಿಂಗಳವರೆಗೆ ಸೋಂಕಿಲ್ಲದ ಹಸಿರು ವಲಯದಲ್ಲಿದ್ದ ಕೋಲಾರ ಜಿಲ್ಲೆಯಲ್ಲಿ ಮೊದಲ ಕೋವಿಡ್ ಪ್ರಕರಣಗಳು ಮುಳಬಾಗಿಲು ತಾಲ್ಲೂಕಿನಲ್ಲಿ ಕಂಡವು. ಜ್ವರ, ಕೆಮ್ಮು, ನೆಗಡಿಯ ಮಾತ್ರೆ ಕೊಂಡವರ ವಿವರವನ್ನು ಮೆಡಿಕಲ್ ಸ್ಟೋರ್‌ನವರು, ಇಂಥ ರೋಗಿಗಳ ವಿವರವನ್ನು ಖಾಸಗಿ ಆಸ್ಪತ್ರೆಗಳು ಕೊಡಬೇಕೆಂದು ರಾಜ್ಯ ಸರ್ಕಾರ ಸೂಚಿಸಿತು. 'ಐಎಲ್‌ಐ' (ಫ್ಲೂ ತರಹದ ಕಾಯಿಲೆ), 'ಸಾರಿ' (ತೀವ್ರ ಉಸಿರಾಟದ ಸೋಂಕು) ಎಂಬ ಪದಗಳು ಆಶಾ ಕಾರ್ಯಕರ್ತೆಯರ ದಿನದ ಮಾತಾದವು: ಹತ್ತು ದಿನದೊಳಗೆ ಶುರುವಾದ ಕೆಮ್ಮು, 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚಿನ ಜ್ವರ ಇದ್ದರೆ ಮೊದಲನೆಯದು, ಆಸ್ಪತ್ರೆಗೆ ದಾಖಲಿಸುವಷ್ಟಾದರೆ ಎರಡನೆಯದು.

ಅಷ್ಟರಲ್ಲಿ ಕಾಗದದ ನಮೂನೆಗಳ ಜಾಗಕ್ಕೆ ಆನ್‌ಲೈನ್ ವೇದಿಕೆ ಬಂದಿತ್ತು. ಸಮಗ್ರ ಆರೋಗ್ಯ ಮಾಹಿತಿ ವೇದಿಕೆಯನ್ನು 2018ರಲ್ಲಿ ಮೊದಲು ಬಳಸಿದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು; 2021ರ ಏಪ್ರಿಲ್‌ನಲ್ಲಿ ಅದು ದೇಶಕ್ಕೆಲ್ಲ ವಿಸ್ತರಿಸಿತು. 2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಶಿಶುಗಳಲ್ಲಿ ಎಚ್‌ಎಂಪಿವಿ ಪತ್ತೆಯಾದದ್ದೂ ಉಸಿರಾಟದ ವೈರಾಣುಗಳ ಮೇಲಿನ ಎಂದಿನ ನಿಗಾದಿಂದಲೇ.

ಆದರೂ ಈ ಲೆಕ್ಕದಿಂದ ಜಾರಿಹೋಗುವವರಿದ್ದಾರೆ. ಸುಗಟೂರಿನ ಕಡೆಯ ರೋಗಿ ಕೋಲಾರದ ಖಾಸಗಿ ಕ್ಲಿನಿಕ್ಕಿಗೋ ಟಮಕದ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ಹೋದಾಗ ಅಲ್ಲಿನವರು ಊರಿನ ಹೆಸರು ಸಹಿತ ವರದಿ ಮಾಡದಿದ್ದರೆ, ಆ ಕೆಮ್ಮು ಹೋಬಳಿಯ ಲೆಕ್ಕಕ್ಕೆ ಸೇರುವುದಿಲ್ಲ. ಬರೀ ಮಾತ್ರೆ ತಂದು ನುಂಗಿ ಮನೆಯಲ್ಲೇ ಉಳಿದವರದು ಯಾವ ನಮೂನೆಗೂ ಬರುವುದಿಲ್ಲ.