ರೀಮಾನ್ ಬಾಕಿ ಉಳಿಸಿಹೋದ ಲೆಕ್ಕ

ಬರ್ನ್‌ಹಾರ್ಡ್ ರೀಮಾನ್ ಸಂಖ್ಯಾಸಿದ್ಧಾಂತದ ಬಗ್ಗೆ ಜೀವಮಾನದಲ್ಲಿ ಪ್ರಕಟಿಸಿದ್ದು ಒಂದೇ ಒಂದು ಲೇಖನ. 1859ರ ನವೆಂಬರಿನಲ್ಲಿ ಬರ್ಲಿನ್ ಅಕಾಡೆಮಿಗೆ ಸಲ್ಲಿಸಿದ ಆ ಬರಹ ಹತ್ತು ಪುಟ ಮೀರುವುದಿಲ್ಲ. ಅದರಲ್ಲಿ ಹೇಳಿದ ಕೆಲವು ಮಾತುಗಳಿಗೆ ಪೂರ್ತಿ ರುಜುವಾತಿದೆ, ಕೆಲವಕ್ಕೆ ಅರ್ಧ ಮಾತ್ರ, ಒಂದಕ್ಕಂತೂ ಇವತ್ತಿಗೂ ಯಾರ ಬಳಿಯೂ ಇಲ್ಲ. ಅವಿಭಾಜ್ಯ ಸಂಖ್ಯೆಗಳ ಹಂಚಿಕೆಯ ಬಗ್ಗೆ ಆಮೇಲೆ ನಡೆದ ಕೆಲಸದ ಬಹುಪಾಲು ಈ ಬಾಕಿಯನ್ನು ಒಂದೊಂದಾಗಿ ತೀರಿಸುತ್ತ ಬಂದ ಕೆಲಸವೇ. ಅದಕ್ಕೆ ಕೈಹಚ್ಚಿದವರಲ್ಲಿ ಮಂಡ್ಯದಲ್ಲಿ ಹುಟ್ಟಿದ ಒಬ್ಬರೂ ಇದ್ದಾರೆ.

ಪ್ರಶ್ನೆ ಸರಳವಾದದ್ದು. ನೂರರೊಳಗೆ 25 ಅವಿಭಾಜ್ಯ ಸಂಖ್ಯೆಗಳಿವೆ. ಸಾವಿರದೊಳಗೆ 168, ಹತ್ತು ಸಾವಿರದೊಳಗೆ 1,229, ಹತ್ತು ಲಕ್ಷದೊಳಗೆ 78,498. ಮುಂದೆ ಹೋದಂತೆ ವಿರಳವಾಗುತ್ತವೆ, ಆದರೆ ಎಂದೂ ಮುಗಿಯುವುದಿಲ್ಲ. ಮುಗಿಯುವುದಿಲ್ಲ ಎಂಬುದನ್ನು ಯೂಕ್ಲಿಡ್ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಸಾಧಿಸಿ ತೋರಿಸಿದ್ದರು. ಯಾವ ಲೆಕ್ಕದಲ್ಲಿ ವಿರಳವಾಗುತ್ತವೆ ಎಂಬುದಕ್ಕೆ ಮೊದಲ ಸುಳಿವು ಹಿಡಿದದ್ದು ಹದಿನೈದು ಹದಿನಾರರ ಹುಡುಗ ಕಾರ್ಲ್ ಫ್ರೀಡ್ರಿಶ್ ಗೌಸ್. 1792–93ರ ಸುಮಾರಿಗೆ ಲಾಗರಿತಮ್ ಕೋಷ್ಟಕವನ್ನೂ ಅವಿಭಾಜ್ಯ ಸಂಖ್ಯೆಗಳ ಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ಒಂದು ಸಂಖ್ಯೆಯ ಆಸುಪಾಸಿನಲ್ಲಿ ಅವಿಭಾಜ್ಯಗಳ ದಟ್ಟಣೆ ಆ ಸಂಖ್ಯೆಯ ಸ್ವಾಭಾವಿಕ ಲಾಗರಿತಮ್ಮಿನ ವ್ಯುತ್ಕ್ರಮಕ್ಕೆ ಹತ್ತಿರವಿರುತ್ತದೆ ಎಂದು ಅವನಿಗೆ ಹೊಳೆಯಿತು. ಹತ್ತು ಲಕ್ಷದ ಬಳಿ ಸುಮಾರು 14 ಸಂಖ್ಯೆಗಳಿಗೆ ಒಂದು. ಈ ದಟ್ಟಣೆಯನ್ನು ಮೊದಲಿನಿಂದ ಕೂಡುತ್ತ ಬಂದರೆ ಹತ್ತು ಲಕ್ಷದವರೆಗೆ ಸುಮಾರು 78,628 ಸಿಗುತ್ತದೆ. ನಿಜವಾದ ಎಣಿಕೆಗೂ ಇದಕ್ಕೂ ಇರುವ ಅಂತರ ಬರೀ 130. ಗೌಸ್ ಇದನ್ನು ಪ್ರಕಟಿಸಲೇ ಇಲ್ಲ. ಅರ್ಧ ಶತಮಾನ ಕಳೆದ ಮೇಲೆ, 1849ರ ಡಿಸೆಂಬರ್ 24ರಂದು, ಖಗೋಳಜ್ಞ ಎಂಕೆ ಅವರಿಗೆ ಬರೆದ ಕಾಗದದಲ್ಲಿ ತಿಳಿಸಿದರು. ಬಿಡುವು ಸಿಕ್ಕಾಗಲೆಲ್ಲ ಸಾವಿರ ಸಂಖ್ಯೆಗಳ ಒಂದೊಂದು ಕಂತನ್ನು ತೆಗೆದುಕೊಂಡು ಎಣಿಸುತ್ತಿದ್ದುದನ್ನೂ ಅದರಲ್ಲೇ ಹೇಳಿಕೊಂಡಿದ್ದಾರೆ.

ಅಷ್ಟರೊಳಗೆ ಬೇರೆ ಕಡೆಗಳಿಂದಲೂ ದಾರಿ ಕಡಿಯಲಾಗಿತ್ತು. 1, 2, 3... ಎಂಬ ಎಲ್ಲ ಪೂರ್ಣಸಂಖ್ಯೆಗಳ ವ್ಯುತ್ಕ್ರಮಗಳನ್ನು ಒಂದೇ ಘಾತಕ್ಕೇರಿಸಿ ಕೂಡಿದ ಮೊತ್ತವೂ, ಅವಿಭಾಜ್ಯ ಸಂಖ್ಯೆಗಳಿಂದ ಮಾತ್ರ ಕಟ್ಟಿದ ಒಂದು ಗುಣಲಬ್ಧವೂ ಒಂದೇ ಎಂದು 1737ರಲ್ಲಿ ಆಯ್ಲರ್ ತೋರಿಸಿದ್ದರು. ಅವಿಭಾಜ್ಯಗಳ ಗುಟ್ಟು ಒಂದು ಸಾಮಾನ್ಯ ಮೊತ್ತದೊಳಗೆ ಅಡಗಿದೆ ಎಂದು ಗೊತ್ತಾದದ್ದು ಆಗಲೇ. ಇದೇ ಮೂಲದಿಂದ ಹೊರಟ ಡಿರಿಕ್ಲೆ, ಮೊದಲ ಪದಕ್ಕೂ ಸಾಮಾನ್ಯ ವ್ಯತ್ಯಾಸಕ್ಕೂ 1ರ ಹೊರತು ಬೇರೆ ಸಾಮಾನ್ಯ ಅಪವರ್ತನವಿಲ್ಲದ ಪ್ರತಿಯೊಂದು ಸಮಾಂತರ ಶ್ರೇಢಿಯಲ್ಲೂ ಅವಿಭಾಜ್ಯಗಳು ಅನಂತವಾಗಿವೆ ಎಂದು 1837ರಲ್ಲಿ ಸಾಧಿಸಿದರು. ರಷ್ಯಾದ ಚೆಬಿಶೆವ್ 1850ರ ಸುಮಾರಿಗೆ, ದೊಡ್ಡ ಸಂಖ್ಯೆಗಳಿಗೆ ನಿಜವಾದ ಎಣಿಕೆ ಲಾಗರಿತಮ್ ಸೂತ್ರ ಕೊಡುವ ಬೆಲೆಯ ಸುಮಾರು 0.92ರಿಂದ 1.11ರಷ್ಟರೊಳಗೇ ಇರುತ್ತದೆ ಎಂಬಲ್ಲಿಗೆ ತಂದು ನಿಲ್ಲಿಸಿದರು. ಅಲ್ಲಿಂದ ಮುಂದಕ್ಕೆ ಹಳೆಯ ಹತಾರಗಳು ಸಾಲದಾದವು.

ರೀಮಾನ್ ಹುಟ್ಟಿದ್ದು 1826ರ ಸೆಪ್ಟೆಂಬರ್ 17ರಂದು, ಹ್ಯಾನೋವರ್ ರಾಜ್ಯದ ಬ್ರೆಸೆಲೆನ್ಸ್ ಎಂಬ ಹಳ್ಳಿಯಲ್ಲಿ. ತಂದೆ ಲೂಥರನ್ ಪಾದ್ರಿ, ಆರು ಮಕ್ಕಳ ಸಂಸಾರ, ಕೈಯಲ್ಲಿ ಕಾಸಿಲ್ಲ. ನಾಲ್ಕು ಜನರ ನಡುವೆ ಬಾಯಿಬಿಡಲಾರದಷ್ಟು ಸಂಕೋಚದ ಹುಡುಗ. ಲ್ಯೂನೆಬುರ್ಗಿನ ಶಾಲೆಯ ಮುಖ್ಯಸ್ಥರು ಕೊಟ್ಟ ಲಜಾಂಡ್ರ್ ಅವರ ಸಂಖ್ಯಾಸಿದ್ಧಾಂತದ ಹೊತ್ತಗೆಯನ್ನು, ಎಂಟುನೂರಕ್ಕೂ ಹೆಚ್ಚು ಪುಟಗಳದ್ದು, ಒಂದು ವಾರದೊಳಗೆ ಓದಿ ಹಿಂದಿರುಗಿಸಿದ ಕತೆ ಪ್ರಸಿದ್ಧ. 1846ರಲ್ಲಿ ತಂದೆಯ ಇಷ್ಟದಂತೆ ದೇವತಾಶಾಸ್ತ್ರ ಓದಲು ಗಟಿಂಗೆನ್‌ಗೆ ಹೋದವರು ಅವರ ಒಪ್ಪಿಗೆ ಪಡೆದು ಗಣಿತಕ್ಕೆ ಬದಲಾದರು. ನಡುವೆ ಎರಡು ವರ್ಷ ಬರ್ಲಿನ್ನಿನಲ್ಲಿ ಡಿರಿಕ್ಲೆ ಅವರ ಪಾಠ ಕೇಳಿದರು. ಲೆಕ್ಕದ ರಾಶಿಯಲ್ಲಿ ಮುಳುಗುವ ಮೊದಲು ವಿಚಾರವನ್ನು ಹಿಡಿಯಬೇಕು ಎಂಬ ಡಿರಿಕ್ಲೆ ಅವರ ಮಾರ್ಗ ರೀಮಾನ್‌ಗೆ ಕೊನೆಯವರೆಗೂ ಒಗ್ಗಿತ್ತು.

1851ರಲ್ಲಿ ಡಾಕ್ಟರೇಟ್. 1854ರ ಜೂನ್ 10ರಂದು, ಪಾಠ ಹೇಳುವ ಅರ್ಹತೆಗಾಗಿ ಕೊಟ್ಟ ಉಪನ್ಯಾಸಕ್ಕೆ ಸೂಚಿಸಿದ್ದ ಮೂರು ವಿಷಯಗಳಲ್ಲಿ ಮೂರನೆಯದನ್ನೇ ಗೌಸ್ ಆರಿಸಿದರು. ರೇಖಾಗಣಿತದ ಬುನಾದಿಯನ್ನು ಕುರಿತ ಆ ಉಪನ್ಯಾಸವೇ ಆರು ದಶಕಗಳ ಮೇಲೆ ಐನ್‌ಸ್ಟೈನ್ ಅವರ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತಕ್ಕೆ ಬೇಕಾದ ಗಣಿತವನ್ನು ಒದಗಿಸಿತು. ಅದರ ಕತೆ ಬೇರೆಯೇ ಒಂದು ಲೇಖನಕ್ಕೆ ಆಗುವಷ್ಟಿದೆ. 1857ರಲ್ಲಿ ತಮ್ಮ ತೀರಿಕೊಂಡಾಗ ತಂಗಿಯರ ಹೊಣೆ ಇವರ ಮೇಲೆ ಬಿತ್ತು. ಗೌಸ್ ನಂತರ ಅವರ ಪೀಠಕ್ಕೆ ಬಂದಿದ್ದ ಡಿರಿಕ್ಲೆ 1859ರ ಮೇ ತಿಂಗಳಲ್ಲಿ ತೀರಿಹೋದರು. ಆ ಪೀಠ ರೀಮಾನ್‌ಗೆ ಬಂತು. ಆಗಸ್ಟಿನಲ್ಲಿ ಬರ್ಲಿನ್ ಅಕಾಡೆಮಿ ಸದಸ್ಯತ್ವ ಕೊಟ್ಟಿತು. ಹೊಸ ಸದಸ್ಯರು ತಮ್ಮ ಕೆಲಸದ ವರದಿಯೊಂದನ್ನು ಕಳಿಸುವುದು ವಾಡಿಕೆ. ರೀಮಾನ್ ಕಳಿಸಿದ್ದು ಅವಿಭಾಜ್ಯ ಸಂಖ್ಯೆಗಳ ಎಣಿಕೆಯ ಲೇಖನ.

ಅದರಲ್ಲಿ ಮಾಡಿದ್ದೇನು? ಆಯ್ಲರ್ ಅವರ ಮೊತ್ತದಲ್ಲಿ ಘಾತದ ಜಾಗದಲ್ಲಿ ವಾಸ್ತವ ಸಂಖ್ಯೆಯ ಬದಲು ಸಂಕೀರ್ಣ ಸಂಖ್ಯೆಯನ್ನಿಟ್ಟರು. ಮೊತ್ತಕ್ಕೆ ಅರ್ಥವೇ ಇಲ್ಲದ ಕಡೆಗೂ ಅದನ್ನು ವಿಸ್ತರಿಸಿದರು. ಜೀಟಾ ಫಂಕ್ಷನ್ ಎಂದು ನಾವು ಕರೆಯುವುದು ಇದನ್ನೇ. ವಾಸ್ತವ ಭಾಗ 1/2 ಆಗಿರುವ ನೇರ ರೇಖೆಯ ಎರಡು ಪಕ್ಕಗಳಿಗೂ ಈ ಫಂಕ್ಷನ್ನಿನಲ್ಲಿ ಒಂದು ಸಮಮಿತಿ ಇದೆ ಎಂದು ತೋರಿಸಿದರು. ಆಮೇಲೆ ಬಂತು ಅವರ ಮುಖ್ಯ ಹೆಜ್ಜೆ: ಅವಿಭಾಜ್ಯಗಳ ಎಣಿಕೆಗೆ ಒಂದು ನಿಖರ ಸೂತ್ರ. ಗೌಸ್ ಅವರ ಅಂದಾಜು ಅದರ ಮುಖ್ಯ ಪದ. ಅದರ ತಪ್ಪನ್ನು ತಿದ್ದುವ ಉಳಿದ ಪದಗಳು ಅಲೆಗಳ ಹಾಗೆ ಏರಿಳಿಯುತ್ತವೆ, ಮತ್ತು ಒಂದೊಂದು ಅಲೆಯೂ ಜೀಟಾ ಫಂಕ್ಷನ್ ಸೊನ್ನೆಯಾಗುವ ಒಂದೊಂದು ಬಿಂದುವಿನಿಂದ ಹುಟ್ಟುತ್ತದೆ. ಅಲೆಗಳನ್ನು ಬಿಟ್ಟು, ಸೂತ್ರದ ನಯವಾದ ಭಾಗವನ್ನಷ್ಟೇ ತೆಗೆದುಕೊಂಡರೂ ಹತ್ತು ಲಕ್ಷದವರೆಗಿನ ಎಣಿಕೆಯಲ್ಲಿ ತಪ್ಪು 130ರಿಂದ 29ಕ್ಕೆ ಇಳಿಯುತ್ತದೆ.

ಬಿಂದು ರೇಖೆಯಿಂದ ಬಲಕ್ಕೆ ಸರಿದಷ್ಟೂ ಅದರ ಅಲೆ ದೊಡ್ಡದು. ಹಾಗಾಗಿ ಸೊನ್ನೆಗಳು ಎಲ್ಲಿವೆ ಎಂಬುದೇ ಸಮಸ್ಯೆಯ ತಿರುಳು. ಮುಖ್ಯವಾದ ಸೊನ್ನೆಗಳೆಲ್ಲ 1/2ರ ರೇಖೆಯ ಮೇಲೆಯೇ ಇರುವುದು ಬಹಳ ಸಂಭವನೀಯ ಎಂದು ರೀಮಾನ್ ಬರೆದರು. ರುಜುವಾತಿಗಾಗಿ ಸ್ವಲ್ಪ ಯತ್ನಿಸಿ ಕೈಗೂಡದ್ದರಿಂದ, ಸದ್ಯದ ಉದ್ದೇಶಕ್ಕೆ ಅದು ಬೇಕಿಲ್ಲವೆಂದು, ಪಕ್ಕಕ್ಕಿಟ್ಟೆನೆಂದೂ ಹೇಳಿದರು. ರೀಮಾನ್ ಊಹೆ ಅಂದರೆ ಇದೇ. ಅದು ನಿಜವಾದರೆ ಗೌಸ್ ಅಂದಾಜಿನ ತಪ್ಪು ಸರಿಸುಮಾರು ಸಂಖ್ಯೆಯ ವರ್ಗಮೂಲದ ಮಟ್ಟವನ್ನು ದಾಟುವುದಿಲ್ಲ.

ಲೇಖನ ಪ್ರಕಟವಾದ ಮೇಲೆ ರೀಮಾನ್ ಬದುಕಿದ್ದು ಏಳು ವರ್ಷಗಳಿಗೂ ಕಡಿಮೆ. 1862ರ ಜೂನ್‌ನಲ್ಲಿ ಎಲಿಸೆ ಕೋಖ್ ಅವರನ್ನು ಮದುವೆಯಾದರು. ಆ ವರ್ಷವೇ ಎದೆಯ ಕಾಯಿಲೆ ಹಿಡಿಯಿತು, ಅದು ಕ್ಷಯಕ್ಕೆ ತಿರುಗಿತು. ಬೆಚ್ಚನೆಯ ಹವೆಗಾಗಿ ಇಟಲಿಗೆ ಮತ್ತೆ ಮತ್ತೆ ಹೋದರು. ಮಗಳು ಹುಟ್ಟಿದ್ದು ಪಿಸಾದಲ್ಲಿ. 1866ರ ಜುಲೈ 20ರಂದು ಮಜ್ಜೋರೆ ಸರೋವರದ ದಡದ ಸೆಲಾಸ್ಕಾದಲ್ಲಿ, 39ನೆಯ ವಯಸ್ಸಿನಲ್ಲಿ, ಕೊನೆಯುಸಿರೆಳೆದರು. ಅವರ ಹಸ್ತಪ್ರತಿಗಳಲ್ಲಿ ಒಂದಷ್ಟು ಮನೆಯಲ್ಲೇ ಸುಟ್ಟುಹೋದವು. ಉಳಿದವು ಗಟಿಂಗೆನ್ ವಿಶ್ವವಿದ್ಯಾಲಯದ ಗ್ರಂಥಾಲಯ ಸೇರಿದವು.

ರೀಮಾನ್ ಬರೀ ಒಳನೋಟದಿಂದ ಬರೆದವರು, ಲೆಕ್ಕ ಮಾಡಿದವರಲ್ಲ ಎಂಬ ಮಾತು ಬಹುಕಾಲ ನಡೆದುಬಂತು. ಅದು ಎಷ್ಟು ಅನ್ಯಾಯದ ಮಾತೆಂದು ಗೊತ್ತಾದದ್ದು 1932ರಲ್ಲಿ. ಕಾರ್ಲ್ ಲುಡ್ವಿಗ್ ಸೀಗೆಲ್ ಆ ಹಾಳೆಗಳನ್ನು ತಾಳ್ಮೆಯಿಂದ ಬಿಡಿಸಿ ಓದಿದಾಗ, ಸೊನ್ನೆಗಳನ್ನು ಲೆಕ್ಕಹಾಕುವ ಒಂದು ಅದ್ಭುತ ಸೂತ್ರ ಸಿಕ್ಕಿತು. ಅದನ್ನು ಬಳಸಿ ರೀಮಾನ್ ಮೊದಲ ಕೆಲವು ಸೊನ್ನೆಗಳನ್ನು ಕೈಯಲ್ಲೇ ಲೆಕ್ಕ ಮಾಡಿದ್ದರು! ಮೊದಲನೆಯದರ ಎತ್ತರ ಸುಮಾರು 14.13. ಎಪ್ಪತ್ತು ವರ್ಷಗಳ ಕಾಲ ಜಗತ್ತಿನ ಯಾವ ಗಣಿತಜ್ಞರ ಬಳಿಯೂ ಇರದಿದ್ದ ಆ ಹತಾರ ಗ್ರಂಥಾಲಯದ ಕಟ್ಟಿನೊಳಗೇ ಇತ್ತು. ಪ್ರಕಟಿತ ಲೇಖನದಲ್ಲಿ ಇದರ ಸುಳಿವೂ ಇಲ್ಲ. ಪೂರ್ತಿ ಪಕ್ವವಾಗದ್ದನ್ನು ಹೊರಗೆ ಬಿಡದ ಆ ಸಂಕೋಚದ ಬೆಲೆಯನ್ನು ಇಡೀ ಕ್ಷೇತ್ರ ತೆತ್ತಿತು ಎಂದೇ ನನಗೆ ಅನ್ನಿಸುತ್ತದೆ.

ಬಾಕಿಯ ಮೊದಲ ದೊಡ್ಡ ಕಂತು ಸಂದಾಯವಾದದ್ದು 1896ರಲ್ಲಿ. ಫ್ರಾನ್ಸಿನ ಅದಮಾರ್ ಮತ್ತು ಬೆಲ್ಜಿಯಮ್ಮಿನ ದ ಲ ವಾಲೆ ಪೂಸ್ಸೆಂ, ಒಬ್ಬರ ಹಂಗಿಲ್ಲದೆ ಇನ್ನೊಬ್ಬರು, ವಾಸ್ತವ ಭಾಗ 1 ಆಗಿರುವ ರೇಖೆಯ ಮೇಲೆ ಸೊನ್ನೆಗಳೇ ಇಲ್ಲ ಎಂದು ತೋರಿಸಿದರು. ಹುಡುಗ ಗೌಸ್ ಕಂಡಿದ್ದ ನಿಯಮ ಪ್ರಮೇಯವಾಗಲು ಅಷ್ಟು ಸಾಕಾಯಿತು. ರೀಮಾನ್ ಸೂತ್ರಕ್ಕೆ ಕಟ್ಟುನಿಟ್ಟಾದ ರುಜುವಾತನ್ನು ಅದರ ಹಿಂದಿನ ವರ್ಷವೇ ಫಾನ್ ಮಾಂಗೋಲ್ಟ್ ಕೊಟ್ಟಿದ್ದರು. 1900ರಲ್ಲಿ ಡಾವಿಡ್ ಹಿಲ್ಬರ್ಟ್ ಪ್ಯಾರಿಸ್ಸಿನಲ್ಲಿ ಹೊಸ ಶತಮಾನದ ಸಮಸ್ಯೆಗಳನ್ನು ಮುಂದಿಟ್ಟಾಗ ರೀಮಾನ್ ಊಹೆ ಎಂಟನೆಯದಾಯಿತು.

ಕೇಂಬ್ರಿಜ್ಜಿನ ಹಾರ್ಡಿ 1914ರಲ್ಲಿ 1/2ರ ರೇಖೆಯ ಮೇಲೆ ಅನಂತ ಸೊನ್ನೆಗಳಿವೆ ಎಂದು ಸಾಧಿಸಿದರು. ಅದೇ ವರ್ಷ ಅವರ ಜೊತೆಗಾರ ಲಿಟಲ್‌ವುಡ್ ಎಲ್ಲರನ್ನೂ ಬೆಚ್ಚಿಬೀಳಿಸಿದರು. ಗೌಸ್ ಅಂದಾಜು ಎಲ್ಲ ಕೋಷ್ಟಕಗಳಲ್ಲೂ ನಿಜದ ಎಣಿಕೆಗಿಂತ ಹೆಚ್ಚೇ ಇರುತ್ತದೆ. ಆದರೆ ಮುಂದೆ ಎಲ್ಲೋ ಅದು ಕಡಿಮೆಯಾಗುತ್ತದೆ, ಮತ್ತೆ ಹೆಚ್ಚಾಗುತ್ತದೆ, ಹೀಗೆ ಅನಂತ ಸಲ ತಿರುಗುತ್ತದೆ ಎಂದು ಅವರು ತೋರಿಸಿದರು. ಅಂಥ ಒಂದು ತಿರುವು 1ರ ಮುಂದೆ 316 ಸೊನ್ನೆ ಹಾಕಿದಷ್ಟು ದೊಡ್ಡ ಸಂಖ್ಯೆಯ ಆಸುಪಾಸಿನಲ್ಲಿದೆ ಎಂದು ಈಗ ತಿಳಿದಿದೆ. ಕಂಪ್ಯೂಟರಿನ ಎಣಿಕೆಯೊಂದನ್ನೇ ನಂಬಿ ಈ ಕ್ಷೇತ್ರದಲ್ಲಿ ತೀರ್ಪು ಕೊಡಬಾರದು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ರಾಮಾನುಜನ್ ಅವರ ಪ್ರಸಂಗವೂ ಇಲ್ಲೇ ಬರುತ್ತದೆ. ಮದರಾಸಿನಲ್ಲಿದ್ದಾಗಲೇ ಅವರು ಅವಿಭಾಜ್ಯಗಳ ಎಣಿಕೆಗೆ ಕಂಡುಕೊಂಡಿದ್ದ ಶ್ರೇಣಿ ರೀಮಾನ್ ಸೂತ್ರದ ನಯವಾದ ಭಾಗವೇ. 1913ರಲ್ಲಿ ಹಾರ್ಡಿ ಜೊತೆ ನಡೆದ ಪತ್ರವ್ಯವಹಾರದಲ್ಲಿ ಅವಿಭಾಜ್ಯಗಳ ವಿಷಯವೂ ಇತ್ತು. ಆದರೆ ಜೀಟಾದ ಸಂಕೀರ್ಣ ಸೊನ್ನೆಗಳ ಅರಿವು ಅವರಿಗಿರಲಿಲ್ಲ. ಆದ್ದರಿಂದ ತಪ್ಪಿನ ಪ್ರಮಾಣವನ್ನು ತೀರಾ ಕಡಿಮೆ ಎಂದು ಭಾವಿಸಿದ್ದರು. ಅಲೆಗಳು ಅವರ ಲೆಕ್ಕದಿಂದ ಹೊರಗೇ ಉಳಿದಿದ್ದವು. ರೀಮಾನ್ ಲೇಖನ ಅವರ ಕೈಗೆ ಸಿಕ್ಕಿದ್ದರೆ ಎಂಬ ಕೊರಗು ಇದನ್ನು ಓದುವಾಗಲೆಲ್ಲ ಕಾಡುತ್ತದೆ.

1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ ಗಟಿಂಗೆನ್‌ನ ಗಣಿತ ಪರಂಪರೆ ತಿಂಗಳುಗಳೊಳಗೆ ನೆಲಕಚ್ಚಿತು. ಅವಿಭಾಜ್ಯಗಳ ಸಿದ್ಧಾಂತಕ್ಕೆ 1909ರಲ್ಲಿ ಮೊದಲ ಮಹಾಗ್ರಂಥ ಬರೆದ ಎಡ್ಮಂಡ್ ಲಾಂಡೌ ಅವರು ಯಹೂದಿ ಎಂಬ ಕಾರಣಕ್ಕೆ ಅವರ ಪಾಠಕ್ಕೆ ವಿದ್ಯಾರ್ಥಿಗಳೇ ಬಹಿಷ್ಕಾರ ಹಾಕಿದರು. ಕೆಲಸ ಬೇರೆ ನೆಲಗಳಲ್ಲಿ ಮುಂದುವರಿಯಿತು. ನಾರ್ವೆಯ ಸೆಲ್ಬರ್ಗ್ 1942ರಲ್ಲಿ, ಸೊನ್ನೆಗಳ ಒಂದು ನಿರ್ದಿಷ್ಟ ಪಾಲು ರೇಖೆಯ ಮೇಲಿದೆ ಎಂದು ತೋರಿಸಿದರು. ಅದು ಮೂರನೆಯ ಒಂದಕ್ಕಿಂತ ಹೆಚ್ಚೆಂದು 1974ರಲ್ಲಿ ಲೆವಿನ್ಸನ್, ಐದನೆಯ ಎರಡಕ್ಕಿಂತ ಹೆಚ್ಚೆಂದು 1989ರಲ್ಲಿ ಕಾನ್ರೇ ಸಾಧಿಸಿದರು. ಇತ್ತ ಸೀಗೆಲ್ ಬೆಳಕಿಗೆ ತಂದ ಸೂತ್ರ ಯಂತ್ರಗಳಿಗೂ ಒದಗಿತು. 1950ರಲ್ಲಿ ಅಲನ್ ಟ್ಯೂರಿಂಗ್ ಮ್ಯಾಂಚೆಸ್ಟರಿನ ಕಂಪ್ಯೂಟರಿನಲ್ಲಿ ಸೊನ್ನೆಗಳನ್ನು ಹುಡುಕಿದರು. 2004ರ ಹೊತ್ತಿಗೆ ಹತ್ತು ಲಕ್ಷ ಕೋಟಿ ಸೊನ್ನೆಗಳ ಪರೀಕ್ಷೆ ಮುಗಿದಿತ್ತು. ಎಲ್ಲವೂ ರೇಖೆಯ ಮೇಲೆಯೇ.

ಸೀಗೆಲ್ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೂ ಬಂದು ಪಾಠ ಮಾಡಿದ್ದರು. ವಿಶ್ಲೇಷಣಾತ್ಮಕ ಸಂಖ್ಯಾಸಿದ್ಧಾಂತದ ಅವರ ಉಪನ್ಯಾಸಗಳು 1961ರಲ್ಲಿ ಅಲ್ಲಿಂದಲೇ ಪ್ರಕಟವಾದವು. 1933ರಲ್ಲಿ ಮಂಡ್ಯದಲ್ಲಿ ಹುಟ್ಟಿದ ಕೆ. ರಾಮಚಂದ್ರ ಆ ಸಂಸ್ಥೆ ಸೇರಿದ್ದು 1958ರಲ್ಲಿ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಮಿನರ್ವ ಮಿಲ್ಲಿನಲ್ಲಿ ಗುಮಾಸ್ತೆ ಕೆಲಸ ಮಾಡುತ್ತಲೇ ಬಿಡುವಿನಲ್ಲಿ ಸಂಖ್ಯಾಸಿದ್ಧಾಂತ ಕಲಿತವರು ಅವರು. 1/2ರ ರೇಖೆಯ ಚಿಕ್ಕ ಚಿಕ್ಕ ತುಣುಕುಗಳಲ್ಲೂ ಜೀಟಾ ಫಂಕ್ಷನ್ನಿನ ಬೆಲೆ ಎಷ್ಟು ದೊಡ್ಡದಾಗಲೇಬೇಕು ಎಂಬ ಬಗ್ಗೆ ಶಿಷ್ಯ ಆರ್. ಬಾಲಸುಬ್ರಮಣಿಯನ್ ಜೊತೆ ಅವರು ಪಡೆದ ಫಲಿತಾಂಶಗಳನ್ನು ಈ ಕ್ಷೇತ್ರದವರೆಲ್ಲ ಬಲ್ಲರು. 1978ರಲ್ಲಿ ಅವರಿಬ್ಬರೂ ಶುರುಮಾಡಿದ ‘ಹಾರ್ಡಿ–ರಾಮಾನುಜನ್ ಜರ್ನಲ್’ ರಾಮಾನುಜನ್ ಹುಟ್ಟಿದ ದಿನವಾದ ಡಿಸೆಂಬರ್ 22ರಂದು ಹೊರಬರುತ್ತಿತ್ತು. ನಿವೃತ್ತಿಯ ನಂತರ ಬೆಂಗಳೂರಿಗೆ ಮರಳಿ, 2011ರಲ್ಲಿ ತೀರಿಕೊಳ್ಳುವವರೆಗೂ ಜೀಟಾದ ಕೆಲಸ ಬಿಡಲಿಲ್ಲ. ಕನ್ನಡನಾಡಿನಲ್ಲಿ ಅವರ ಹೆಸರು ಗಣಿತ ವಿಭಾಗಗಳ ಹೊರಗೆ ಕೇಳಿಬರುವುದು ತೀರಾ ಅಪರೂಪ. ಇದು ನಮ್ಮ ವಿಜ್ಞಾನ ಬರವಣಿಗೆಯ ದೊಡ್ಡ ಕೊರತೆ.

1972ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ಚಹದ ಹೊತ್ತಿಗೆ ಭಾರತದ ಎಸ್. ಚೌಲ ಅವರು ಯುವಕ ಹ್ಯೂ ಮಾಂಟ್ಗೊಮೆರಿಯನ್ನು ಭೌತವಿಜ್ಞಾನಿ ಫ್ರೀಮನ್ ಡೈಸನ್ ಅವರಿಗೆ ಪರಿಚಯಿಸಿದರು. ಸೊನ್ನೆಗಳ ನಡುವಣ ಅಂತರಗಳಿಗೆ ಮಾಂಟ್ಗೊಮೆರಿ ಕಂಡುಕೊಂಡಿದ್ದ ಸೂತ್ರ, ಭಾರವಾದ ಪರಮಾಣು ಬೀಜಗಳ ಶಕ್ತಿಮಟ್ಟಗಳ ಅಧ್ಯಯನದಲ್ಲಿ ಬಳಸುವ ಸೂತ್ರವೇ ಎಂದು ಡೈಸನ್ ತಕ್ಷಣ ಗುರುತಿಸಿದರು. ಯಾಕೆ ಹಾಗೆ ಎಂಬುದಕ್ಕೆ ಸಮಾಧಾನಕರ ವಿವರಣೆ ಇನ್ನೂ ಬಂದಿಲ್ಲ.

2000ದಲ್ಲಿ ಕ್ಲೇ ಗಣಿತ ಸಂಸ್ಥೆ ಈ ಊಹೆಯ ರುಜುವಾತಿಗೆ ಹತ್ತು ಲಕ್ಷ ಡಾಲರ್ ಬಹುಮಾನ ಘೋಷಿಸಿದ ಮೇಲೆ ಪತ್ರಿಕೆಗಳ ಗಮನವೆಲ್ಲ ಆ ದುಡ್ಡಿನ ಮೇಲಿದೆ. ರೀಮಾನ್ ಊಹೆ ಬಗೆಹರಿಯಿತಂತೆ ಎಂಬ ಸುದ್ದಿ ಆಗಾಗ ಬಂದು ಸುಳ್ಳಾಗುತ್ತದೆ. ನಿಜವಾದ ಮುನ್ನಡೆ ಬೇರೆ ಬಗೆಯದು. 2024ರಲ್ಲಿ ಲ್ಯಾರಿ ಗುತ್ ಮತ್ತು ಜೇಮ್ಸ್ ಮೇನಾರ್ಡ್, ರೇಖೆಯಿಂದ ದೂರ ಸರಿದ ಸೊನ್ನೆಗಳಿದ್ದರೂ ಅವು ಎಷ್ಟು ವಿರಳ ಎಂಬ ಬಗ್ಗೆ 1940ರಲ್ಲಿ ಇಂಗಮ್ ಹಾಕಿದ್ದ ಮಿತಿಯೊಂದನ್ನು ಕೊನೆಗೂ ಕೆಳಗಿಳಿಸಿದರು. ಎಂಬತ್ತು ವರ್ಷ ಜಗ್ಗದೆ ನಿಂತಿದ್ದ ಗಡಿ ಅದು. ಇಂಥ ಹೆಜ್ಜೆಗಳಿಂದಲೇ ಈ ಕ್ಷೇತ್ರ ಬೆಳೆದದ್ದು.

ಪದವಿ ತರಗತಿಯಲ್ಲಿ ಸಂಕೀರ್ಣ ವಿಶ್ಲೇಷಣೆ ಓದುತ್ತಿರುವವರಿಗೆ ಒಂದು ಮಾತು: ರೀಮಾನ್ ಲೇಖನದ ಇಂಗ್ಲಿಷ್ ಅನುವಾದ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತದೆ, ರಾಮಚಂದ್ರ ಅವರ ಜರ್ನಲ್ಲಿನ ಸಂಚಿಕೆಗಳೂ ಸಿಗುತ್ತವೆ. ಬಹುಮಾನದ ಸುದ್ದಿ ಓದುವ ಮೊದಲು, ಕೈಯಲ್ಲಿ ಪೆನ್ಸಿಲ್ ಹಿಡಿದು, ಆ ಲೇಖನದ ಮೊದಲ ಎರಡು ಪುಟಗಳನ್ನು ಸಾಲು ಸಾಲಾಗಿ ಬಿಡಿಸಿ ನೋಡಿ.